ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಬಿಗಿದಿದೆ, ಅಮ್ಮ ಮತ್ತೆ ಮಲ್ಲಿಗೆ ಕಟ್ಟಬಹುದೇ?

ಪ್ರಶ್ನೆ: ನಮ್ಮ ಮನೆ ಉಡುಪಿಯ ಶಂಕರಪುರದ ಹತ್ತಿರ. ಅಮ್ಮನಿಗೆ 61 ವರ್ಷ. ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಜುಲೈ ಮೊದಲ ವಾರ ಬೆಳಗ್ಗೆ ಮಲ್ಲಿಗೆ ಕೊಯ್ಯಲು ಹೊರಟವರು ಅಂಗಳದಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಬೇಡ ಎಂದು ಆರು ವಾರ ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿ ಮೂರು ವಾರ ಆಯಿತು. ಮೂಳೆ ಕೂಡಿದೆ, ಕೈ ಆಡಿಸ್ತಾ ಇರಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಅಂಗೈ ಮೇಲೆ ಮಾಡಲು ಆಗುವುದಿಲ್ಲ, ಸಂಜೆಗೆ ಬೆರಳು ಊದುತ್ತದೆ. ಈಗ ಹೆಗಲೂ ನೋವು ಅನ್ನುತ್ತಾರೆ. ಒಂದು ಕಡೆ ಹತ್ತು ದಿನ ಕರೆಂಟ್ ಕೊಡಿಸಿದೆವು, ಅಂಥ ವ್ಯತ್ಯಾಸ ಕಾಣಲಿಲ್ಲ. ನೆರೆಯವರು ಎಣ್ಣೆ ಹಾಕಿ ಎಳೆಸಿಕೊಂಡು ಬನ್ನಿ ಅನ್ನುತ್ತಾರೆ. ಏನು ಮಾಡಬೇಕು? ಎಷ್ಟು ದಿನ ಬೇಕು? ಅಮ್ಮ ಮತ್ತೆ ಹೂ ಕಟ್ಟಬಹುದೇ?

ಉತ್ತರ: ಹೂ ಕಟ್ಟಬಹುದು. ಮೊದಲು ಇದನ್ನು ಅಮ್ಮನಿಗೆ ಹೇಳಿ, ಆಮೇಲೆ ಉಳಿದದ್ದನ್ನು ಓದಿ. ಕೈ ಬಿಗಿದುಕೊಂಡವರಿಗೆ ನೋವಿಗಿಂತ ಜಾಸ್ತಿ ಕಾಡುವುದು "ಇದು ಹೀಗೇ ಉಳಿದುಬಿಡುತ್ತದಾ" ಅನ್ನುವ ಹೆದರಿಕೆ.

ಪ್ಲಾಸ್ಟರ್ ಬಿಚ್ಚಿ ಮೂರು ವಾರಕ್ಕೆ ಮುಷ್ಟಿ ಮುಚ್ಚದಿರುವುದು, ಸಂಜೆ ಬೆರಳು ಊದುವುದು ಎರಡೂ ಫಿಸಿಯೋಥೆರಪಿಸ್ಟ್ ಆಗಿ ನಾನು ಪ್ರತಿ ಮಳೆಗಾಲದ ಕೊನೆಗೆ ನೋಡುವ ಸಂಗತಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುತ್ತದೆ. ಜೂನ್‌ನಿಂದ ಆಟಿ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನ ತನಕ, ಅಂಗಳ, ಬಚ್ಚಲಿನ ಬದಿ, ಬಾವಿಕಟ್ಟೆ ಎಲ್ಲ ಹಸಿರು ಪಾಚಿ. ಆಗ ಬಿದ್ದವರು ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಹತ್ತಿರ ಬರುತ್ತಾರೆ. ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ, ಇಡೀ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆ ತುದಿಯಲ್ಲಿ ಮುರಿಯುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ "ಕೋಲಿಸ್" ಅನ್ನುವ ಹೆಸರು ಕಂಡರೆ ಗಾಬರಿಯಾಗಬೇಡಿ. ಡಬ್ಲಿನ್‌ನ ಅಬ್ರಹಾಂ ಕೋಲಿಸ್ ಅನ್ನುವ ಸರ್ಜನ್ 1814ರಲ್ಲೇ ಈ ಮುರಿತದ ಬಗ್ಗೆ ಬರೆದಿದ್ದರು. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಅವರು ಬರೀ ಕೈಯಿಂದ ಮುಟ್ಟಿ ನೋಡಿ ಕಂಡುಕೊಂಡದ್ದು. ಅಷ್ಟು ಹಳೆಯ, ಅಷ್ಟು ಸಾಮಾನ್ಯವಾದ ಮುರಿತ ಇದು.

ಎಷ್ಟು ದಿನ ಅನ್ನುವುದಕ್ಕೆ ನೇರವಾಗಿ ಹೇಳುತ್ತೇನೆ. ಆರು ವಾರಕ್ಕೆ ಮೂಳೆ ಕೂಡುತ್ತದೆ. ಭಾರ ತಡೆಯುವಷ್ಟು ಗಟ್ಟಿಯಾಗಲು ಬಿದ್ದ ದಿನದಿಂದ ಮೂರು ತಿಂಗಳಾದರೂ ಬೇಕು. ಕೈ ಆಡುವುದರಲ್ಲಿ ದೊಡ್ಡ ಬದಲಾವಣೆ ಕಾಣುವುದು ಮೂರರಿಂದ ಆರು ತಿಂಗಳ ಒಳಗೆ. ಆಮೇಲೂ ಒಂದು ವರ್ಷದವರೆಗೆ ಸ್ವಲ್ಪ ಸ್ವಲ್ಪ ಸುಧಾರಿಸುತ್ತಲೇ ಇರುತ್ತದೆ. ಅಮ್ಮ ಈಗ ಒಂಬತ್ತನೇ ವಾರದಲ್ಲಿದ್ದಾರೆ. ತಡವಾಗಿಲ್ಲ. ಆದರೆ ಸುಮ್ನೆ ಕೂತು ಕಳೆಯುವ ಸಮಯವೂ ಇದಲ್ಲ.

ಕೈ ಯಾಕೆ ಬಿಗಿಯುತ್ತದೆ ಅಂತ ಗೊತ್ತಾದರೆ ವ್ಯಾಯಾಮ ಮಾಡಲು ಮನಸ್ಸು ಬರುತ್ತದೆ. ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಎಡಗೈಯಿಂದ ನಿಮ್ಮ ಬಲಗೈಯನ್ನು ಮೊಣಕೈಯ ಸ್ವಲ್ಪ ಕೆಳಗೆ, ಮಾಂಸ ತುಂಬಿದ ಕಡೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ. ಎಡ ಅಂಗೈ ಕೆಳಗೆ ಏನೋ ಹರಿದಾಡಿದ ಹಾಗೆ ಆಗುತ್ತದೆ ಅಲ್ವಾ? ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಅಲ್ಲಿಂದ ಹಗ್ಗದ ಹಾಗೆ ಸ್ನಾಯುರಜ್ಜುಗಳು ಬೆರಳವರೆಗೆ ಹೋಗುತ್ತವೆ. ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ದಾರಿಯೊಂದರಲ್ಲೇ ಒಂಬತ್ತು ರಜ್ಜುಗಳು ಮತ್ತು ಒಂದು ನರ ಒಟ್ಟಿಗೆ ಹಾದುಹೋಗುತ್ತವೆ. ಮೂಳೆ ಮುರಿದಾಗ ಅದರ ಸುತ್ತ ಬಾವು ಬರುತ್ತದೆ. ಆ ಬಾವಿನ ನೀರು ಬಾವಿ ನೀರಿನ ಹಾಗೆ ತೆಳ್ಳಗಲ್ಲ, ಗಂಜಿ ತಿಳಿಯ ಹಾಗೆ ಅಂಟು. ವಾರಗಟ್ಟಲೆ ಆಡದೆ ನಿಂತರೆ ರಜ್ಜುಗಳ ನಡುವೆ ಅದೇ ಅಂಟಿಕೊಳ್ಳುತ್ತದೆ. ಕೀಲಿನ ಸುತ್ತಲಿನ ಪೊರೆಯೂ ಕುಗ್ಗುತ್ತದೆ. ಅಮ್ಮನ ಕೈಯಲ್ಲಿ ಆಗಿರುವುದು ಇದೇ.

ಇನ್ನೊಂದು ಪರೀಕ್ಷೆ. ನಿಮ್ಮ ಮಣಿಕಟ್ಟನ್ನು ಒಳಗಡೆಗೆ ಎಷ್ಟಾಗುತ್ತದೋ ಅಷ್ಟು ಬಗ್ಗಿಸಿಕೊಂಡು ಗಟ್ಟಿಯಾಗಿ ಮುಷ್ಟಿ ಹಿಡಿಯಲು ನೋಡಿ. ಆಗುವುದಿಲ್ಲ. ಏನೂ ಪೆಟ್ಟಾಗದ ನಿಮ್ಮ ಕೈಗೇ ಆಗುವುದಿಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿಯಿರಿ. ಹಿಡಿತ ತಾನಾಗಿ ಬರುತ್ತದೆ. ಪ್ಲಾಸ್ಟರ್ ಬಿಚ್ಚಿದವರಲ್ಲಿ ಹೆಚ್ಚಿನವರ ಮಣಿಕಟ್ಟು ಹಿಂದಕ್ಕೆ ಏಳುವುದಿಲ್ಲ. ಅವರು ಬೆರಳನ್ನು ಬೈದುಕೊಂಡು ದಿನವಿಡೀ ಸ್ಪಂಜಿನ ಚೆಂಡು ಒತ್ತುತ್ತಾ ಕೂರುತ್ತಾರೆ. ನಿಜವಾದ ಬಿಗಿ ಮಣಿಕಟ್ಟಿನಲ್ಲಿ ಇರುತ್ತದೆ. ಆದ್ದರಿಂದ ಚೆಂಡು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಮಣಿಕಟ್ಟು ಹಿಂದಕ್ಕೆ ಬರಬೇಕು. ಪೂರ್ತಿ ಬರಬೇಕೆಂದೂ ಇಲ್ಲ. ಮನೆಯ ಹೆಚ್ಚಿನ ಕೆಲಸಕ್ಕೆ ಹಿಂದಕ್ಕೂ ಮುಂದಕ್ಕೂ ಸುಮಾರು 40 ಡಿಗ್ರಿ ಬಾಗಿದರೆ ಸಾಕು.

ಅಂಗೈ ಮೇಲೆ ಮಾಡುವುದು ಬೇರೆಯೇ ಚಲನೆ. ಅದು ಸಾಧಾರಣವಾಗಿ ಎಲ್ಲಕ್ಕಿಂತ ನಿಧಾನವಾಗಿ ಮರಳುತ್ತದೆ. ಕೃಷ್ಣ ಮಠದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗ, ಊಟದಲ್ಲಿ ತುತ್ತು ಬಾಯಿಗೆ ತರುವಾಗ, ಚಿಲ್ಲರೆ ತೆಗೆದುಕೊಳ್ಳುವಾಗ ಮುಂಗೈಯ ಎರಡು ಮೂಳೆಗಳು ಒಂದರ ಸುತ್ತ ಒಂದು ತಿರುಗಬೇಕು. ಆ ತಿರುಗುವ ಕೀಲು ಮುರಿದ ಜಾಗದ ಪಕ್ಕದಲ್ಲೇ ಇದೆ. ಅದಾಗದಿದ್ದಾಗ ಜನ ತಮಗೆ ಗೊತ್ತಿಲ್ಲದೆ ಮೊಣಕೈಯನ್ನು ಹೊಟ್ಟೆಯ ಕಡೆ ತಂದು, ಮೈ ವಾಲಿಸಿ ತೀರ್ಥ ಹಿಡಿಯುತ್ತಾರೆ. ನೋಡುವವರಿಗೆ ಕೈ ತಿರುಗಿದ ಹಾಗೆ ಕಾಣುತ್ತದೆ, ತಿರುಗಿರುವುದಿಲ್ಲ. ಹಾಗಾಗಿ ಈ ವ್ಯಾಯಾಮ ಮಾಡುವಾಗ ಮೊಣಕೈ ಪಕ್ಕೆಗೆ ಅಂಟಿರಬೇಕು. ಕಂಕುಳಿನ ಕೆಳಗೆ ಒಂದು ಬೈರಾಸು (ಟವೆಲ್) ಮಡಚಿ ಇಟ್ಟುಕೊಂಡರೆ ಒಳ್ಳೆಯದು. ಬೈರಾಸು ಬಿದ್ದರೆ ಮೋಸ ಆಯಿತು ಅಂತ ಲೆಕ್ಕ.

ಈಗ ಎಣ್ಣೆ ಹಾಕಿ ಎಳೆಸುವ ಮಾತು. ದಯವಿಟ್ಟು ಬೇಡ. ನೆರೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅದರಲ್ಲಿ ಸಂಶಯವಿಲ್ಲ. ತೆಳ್ಳಗೆ ತೆಂಗಿನೆಣ್ಣೆ ಸವರಿ, ಬೆರಳ ತುದಿಯಿಂದ ಮೊಣಕೈಯ ಕಡೆಗೆ ಮೆಲ್ಲಗೆ ನೀವುವುದರಿಂದ ಬಾವು ಇಳಿಯುತ್ತದೆ, ಚರ್ಮ ಮೆತ್ತಗಾಗುತ್ತದೆ. ಅದನ್ನು ನೀವೇ ಮಾಡಿ. ಅಪಾಯ ಇರುವುದು ಬೇರೆಯವರು ಬಲ ಹಾಕಿ ಎಳೆಯುವುದರಲ್ಲಿ, ತಿರುಚುವುದರಲ್ಲಿ. ಒಂಬತ್ತು ವಾರದ ಮೂಳೆ ಕೂಡಿದೆ, ಗಟ್ಟಿಯಾಗಿಲ್ಲ.

ಇದನ್ನು ನಾನು ಬೇರೆಯವರ ಮೇಲೆ ತಪ್ಪು ಹೊರಿಸಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಹೀಗೆ ಮಾಡಿದ್ದೇನೆ. ಇಂಥದ್ದೇ ಕೈಯ ಒಬ್ಬರು ಅಮ್ಮ ಬಂದಿದ್ದರು. ಬೇಗ ಗುಣ ಮಾಡಿಕೊಡಬೇಕೆಂಬ ಅವಸರದಲ್ಲಿ ಅವರ ಮಣಿಕಟ್ಟನ್ನು ಜೋರಾಗಿ ಹಿಂದಕ್ಕೆ ಒತ್ತಿದೆ. ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು, ನಾನದನ್ನು ಒಪ್ಪಿಗೆ ಅಂದುಕೊಂಡೆ. ಮರುದಿನ ಕೈ ಬಾತು ಬಳೆ ಹತ್ತದ ಹಾಗೆ ಆಗಿತ್ತು. ಆಮೇಲೆ ನಾನು ಹತ್ತಿರ ಹೋದರೆ ಸಾಕು, ಕೈಯನ್ನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಕಳೆದುಕೊಂಡ ಆ ಮೂರು ವಾರ ನನಗೆ ಈಗಲೂ ನೆನಪಿದೆ. ಹೆದರಿದ ಕೈ ಬಿಡುವುದಿಲ್ಲ. ತನ್ನ ಕೈಯನ್ನು ತಾನೇ ಆಡಿಸುವವರಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರುತ್ತದೆ.

ಕರೆಂಟ್ ಬಗ್ಗೆ ಕೇಳಿದ್ದೀರಿ. ಆ ಯಂತ್ರದಿಂದ ಸ್ವಲ್ಪ ಹೊತ್ತು ನೋವು ಕಡಿಮೆ ಆಗಬಹುದು. ಆ ಹೊತ್ತಿನಲ್ಲಿ ಕೈ ಆಡಿಸಿದರೆ ಉಪಯೋಗ ಉಂಟು. ಬರೀ ಯಂತ್ರ ಕಟ್ಟಿ ಇಪ್ಪತ್ತು ನಿಮಿಷ ಮಲಗಿಸಿ ಕಳಿಸಿದರೆ ಅಂಟಿದ ರಜ್ಜು ಬಿಡುವುದಿಲ್ಲ, ಕುಗ್ಗಿದ ಪೊರೆ ಹಿಗ್ಗುವುದಿಲ್ಲ. ಫಿಸಿಯೋಥೆರಪಿ ಅಂದರೆ ಕರೆಂಟ್ ಅನ್ನುವ ಹಾಗೆ ಆಗಿರುವುದು ನಮ್ಮ ವೃತ್ತಿಯವರ ತಪ್ಪೇ. ನೀವು ಮುಂದೆ ಹೋಗುವ ಕಡೆ, ಅವರು ಕೈಯನ್ನು ಮುಟ್ಟಿ, ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅಳೆದು ಬರೆದುಕೊಳ್ಳುತ್ತಾರಾ, ಮನೆಯಲ್ಲಿ ಮಾಡಬೇಕಾದ್ದನ್ನು ಕಲಿಸುತ್ತಾರಾ ನೋಡಿ. ಅಷ್ಟು ಮಾಡುವವರಾದರೆ ವಾರಕ್ಕೆ ಒಂದೋ ಎರಡೋ ಸಲ ಹೋದರೂ ಸಾಕು. ನಮ್ಮ ಟೇಬಲ್ ಮೇಲೆ ಕಳೆಯುವುದು ಅರ್ಧ ಗಂಟೆ, ಮನೆಯಲ್ಲಿ ಎಚ್ಚರವಿರುವುದು ಹದಿನೈದು ಗಂಟೆ. ಕೈ ಬಿಡುವುದು ಆ ಹದಿನೈದು ಗಂಟೆಯಲ್ಲಿ.

ಹಾಗಾದರೆ ಮನೆಯಲ್ಲಿ ಏನು? ಬೆಳಗ್ಗೆ ಎದ್ದಾಗ ಕೈ ಹೆಚ್ಚು ಬಿಗಿ ಇರುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಹತ್ತು ನಿಮಿಷ ಕೈ ಮುಳುಗಿಸಿ ಒಳಗೇ ಆಡಿಸಲಿ. ಅಮ್ಮನಿಗೆ ಶುಗರ್ ಇರುವುದರಿಂದ ಬಿಸಿ ಸರಿಯಾಗಿ ಗೊತ್ತಾಗದೇ ಹೋಗಬಹುದು, ನೀರನ್ನು ನೀವು ಮುಟ್ಟಿ ನೋಡಿ ಕೊಡಿ. ನೀರಿನಿಂದ ತೆಗೆದ ಕೂಡಲೇ ಬೆರಳಿನ ವ್ಯಾಯಾಮ. ಬೆರಳು ನೆಟ್ಟಗೆ. ಆಮೇಲೆ ಬುಡ ನೆಟ್ಟಗಿಟ್ಟು ಮೇಲಿನ ಎರಡು ಗೆಣ್ಣು ಮಾತ್ರ ಕೊಕ್ಕೆಯ ಹಾಗೆ ಮಡಚುವುದು. ಆಮೇಲೆ ಪೂರ್ತಿ ಮುಷ್ಟಿ. ಹೀಗೆ ಹತ್ತು ಸಲ. ಕೊಕ್ಕೆ ಮಾಡುವುದನ್ನು ಬಿಡಬೇಡಿ, ಅಂಟಿದ ರಜ್ಜುಗಳು ಒಂದರ ಮೇಲೊಂದು ಜಾರುವುದು ಆಗಲೇ. ಹೆಬ್ಬೆರಳು ಒಂದೊಂದೇ ಬೆರಳಿನ ತುದಿ ಮುಟ್ಟಿ, ಕೊನೆಗೆ ಕಿರುಬೆರಳಿನ ಬುಡಕ್ಕೆ ಹೋಗಬೇಕು.

ಮಣಿಕಟ್ಟಿಗೆ ನಮಸ್ಕಾರಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಎದೆಯ ಮುಂದೆ ಕೈ ಮುಗಿದು, ಅಂಗೈ ಬಿಡಿಸದೆ, ಎರಡೂ ಕೈಯನ್ನು ಮೆಲ್ಲಗೆ ಹೊಟ್ಟೆಯ ಕಡೆಗೆ ಇಳಿಸಲಿ. ಒಳಬದಿ ಹಿಗ್ಗಿದ ಹಾಗೆ ಅನಿಸಿದ ಕಡೆ ನಿಲ್ಲಿಸಿ ಇಪ್ಪತ್ತು ಎಣಿಸಲಿ. ಮೂರು ಸಲ. ಎಡಗೈ ಬಲಗೈಗೆ ತಾನಾಗಿ ಆಸರೆ ಕೊಡುತ್ತದೆ. ಕೈ ತಿರುಗಿಸಲು ಅಡುಗೆಮನೆಯ ಸೌಟು ಸಾಕು. ಮೊಣಕೈ ಪಕ್ಕೆಗೆ ಒತ್ತಿ, ಹಿಡಿಯನ್ನು ಮಧ್ಯದಲ್ಲಿ ಹಿಡಿದು, ಸೌಟನ್ನು ನಿಲ್ಲಿಸಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ವಾಲಿಸಲಿ. ಸೌಟಿನ ತಲೆಯ ಭಾರವೇ ಕೈಯನ್ನು ಇನ್ನಷ್ಟು ತಿರುಗಿಸುತ್ತದೆ. ಸುಲಭ ಆದ ಮೇಲೆ ಹಿಡಿಯ ತುದಿಗೆ ಸರಿದು ಹಿಡಿದರೆ ಭಾರ ಜಾಸ್ತಿಯಾಗುತ್ತದೆ.

ಒಂದು ಸಲಕ್ಕೆ ಐದು ನಿಮಿಷ ಸಾಕು, ಆದರೆ ದಿನಕ್ಕೆ ಐದಾರು ಸಲ ಬೇಕು. ಬೆಳಗ್ಗೆ ಒಂದೇ ಸಲ ಒಂದು ಗಂಟೆ ಮಾಡಿ ಕೈ ಊದಿಸಿಕೊಳ್ಳುವುದು ಬೇಡ. ನೋವು ಬರುತ್ತದೆ, ಬರಲಿ. ಅರ್ಧ ಗಂಟೆಯೊಳಗೆ ಇಳಿದರೆ ಆ ನೋವು ಸರಿ. ರಾತ್ರಿಯವರೆಗೂ ಉಳಿದರೆ, ಮರುದಿನ ಬೆಳಗ್ಗೆ ಬಾವು ಹೆಚ್ಚಾದರೆ ಅಂದು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಸಂಜೆಯ ಊತಕ್ಕೆ, ಮಲಗಿದಾಗ ಕೈ ಎದೆಗಿಂತ ಎತ್ತರದಲ್ಲಿ ಇರುವಂತೆ ದಿಂಬಿನ ಮೇಲಿಟ್ಟು ಮುಷ್ಟಿ ಬಿಗಿದು ಬಿಚ್ಚಬೇಕು.

ಕುತ್ತಿಗೆಗೆ ಕಟ್ಟಿದ ಕೈಪಟ್ಟಿ ಇನ್ನೂ ಹಾಕುತ್ತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ ಈಗಲೇ ತೆಗೆಸಿ. ಹೆಗಲು ನೋವಿಗೆ ಹೆಚ್ಚಾಗಿ ಅದೇ ಕಾರಣ. ಆರು ವಾರ ಮೈಗೆ ಅಂಟಿಸಿಕೊಂಡ ಕೈಯಲ್ಲಿ ಹೆಗಲೂ ಬಿಗಿಯುತ್ತದೆ. ಶುಗರ್ ಇದ್ದವರಿಗೆ ಹೆಗಲು ಕಚ್ಚಿಕೊಳ್ಳುವುದು ಇನ್ನೂ ಜಾಸ್ತಿ, ಆಮೇಲೆ ತಿಂಗಳುಗಟ್ಟಲೆ ಕಾಡುತ್ತದೆ. ಅಮ್ಮ ಬಲಗೈಯಿಂದ ತಲೆಯ ಹಿಂದೆ ಜಡೆ ಮುಟ್ಟಬಲ್ಲರಾ, ಸೊಂಟದ ಹಿಂದೆ ಸೆರಗು ಸಿಕ್ಕಿಸಬಲ್ಲರಾ ನೋಡಿ. ಆಗದಿದ್ದರೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸುವುದನ್ನು ಇವತ್ತಿನಿಂದಲೇ ಶುರು ಮಾಡಿ. ಎಲ್ಲಿವರೆಗೆ ತಲುಪಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಡಿ.

ಇನ್ನು ಮಲ್ಲಿಗೆ. ನಿಮ್ಮ ಮನೆಯಲ್ಲೇ ಇಷ್ಟು ಒಳ್ಳೆಯ ಚಿಕಿತ್ಸೆ ಇರುವಾಗ ಅದನ್ನು ಯಾಕೆ ಬಿಡಬೇಕು? ಮೊಗ್ಗಿಗೆ ಭಾರವಿಲ್ಲ. ಕೊಯ್ಯುವಾಗ ಹೆಬ್ಬೆರಳು ತೋರುಬೆರಳು ನೂರಾರು ಸಲ ಸೇರಿ ಬಿಡುತ್ತವೆ, ಗಿಡದೊಳಗೆ ಕೈ ಹಾಕುವಾಗ ಹೆಗಲು ಚಾಚುತ್ತದೆ, ಅಂಗೈಯಲ್ಲಿ ಮೊಗ್ಗು ಹಿಡಿದುಕೊಳ್ಳಲು ಕೈ ತಿರುಗುತ್ತದೆ. ಅಂಗಳ ಒಣಗಿದ ಮೇಲೆ, ನೀವು ಜೊತೆಗಿರುವಾಗ, ಮೊದಲು ಎದೆಮಟ್ಟದ ರೆಂಬೆಗಳಿಂದ ಹದಿನೈದು ನಿಮಿಷ ಕೊಯ್ಯಲಿ. ಕಟ್ಟುವುದು ಇನ್ನೂ ಸೂಕ್ಷ್ಮ. ಬಾಳೆನಾರನ್ನು ಬೆರಳಿಗೆ ಸುತ್ತಿ ಎಳೆಯುವಾಗ ಮಣಿಕಟ್ಟು ಹಿಂದಕ್ಕೆ ಎತ್ತಿರಲೇಬೇಕು. ಶುರುವಿನಲ್ಲಿ ದೇವರಿಗೆ ಮುಡಿಸುವಷ್ಟು ಒಂದು ತುಂಡು ಕಟ್ಟಲಿ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಒಂದು ಚೆಂಡು ಹೂವಿಗೆ ಬರಲಿ. ಚೆಂಡುಗಳನ್ನು ಸೇರಿಸಿ ಮಾರುವ ಅಟ್ಟೆಯ ಲೆಕ್ಕ, ಹೂವಿನ ವ್ಯಾಪಾರದ ಕಟ್ಟೆಗೆ ಹೊತ್ತಿಗೆ ಸರಿಯಾಗಿ ಕೊಡಬೇಕೆನ್ನುವ ಅವಸರ ಎರಡೂ ಸದ್ಯಕ್ಕೆ ಮನೆಯ ಬೇರೆಯವರಿಗಿರಲಿ. ನೆಲದಲ್ಲಿ ಕೂತು ಕಟ್ಟುವ ಅಭ್ಯಾಸವಿದ್ದರೆ ಈಗ ಕುರ್ಚಿಯಲ್ಲಿ ಕೂರಲಿ. ಇಲ್ಲದಿದ್ದರೆ ಏಳುವಾಗ ಅದೇ ಕೈ ಊರುತ್ತಾರೆ.

ಬಿದ್ದು ಮೂರು ತಿಂಗಳು ತುಂಬಿ, ಡಾಕ್ಟರು ನೋಡಿ ಸರಿ ಅನ್ನುವವರೆಗೆ ಕೈ ಊರಿ ಏಳುವುದು, ನೀರು ತುಂಬಿದ ಕೊಡ ಎತ್ತುವುದು, ಬಾವಿಯಿಂದ ನೀರು ಸೇದುವುದು, ದಪ್ಪ ಬಟ್ಟೆ ಹಿಂಡುವುದು ಬೇಡ. ಕಾಯಿ ಹೆರೆಯುವುದೂ ಹಾಗೇ. ಹೆರೆಮಣೆಯಲ್ಲಿ ಒತ್ತುವುದು, ತಿರುಗಿಸುವುದು ಎರಡೂ ಒಟ್ಟಿಗೆ ಬರುತ್ತದೆ. ನೀರುದೋಸೆ ಎರೆಯಲಿ, ತರಕಾರಿ ತೊಳೆಯಲಿ, ಬಲಗೈಯಲ್ಲೇ ಊಟ ಮಾಡಲಿ. ಚಮಚ ಕೊಡಬೇಡಿ.

ಕೆಲವು ಲಕ್ಷಣ ಕಂಡರೆ ವ್ಯಾಯಾಮ ಹೆಚ್ಚಿಸುತ್ತಾ ಕೂರದೆ ಮೂಳೆ ಡಾಕ್ಟರ ಹತ್ತಿರ ಬೇಗ ಹೋಗಿ. ಕೈ ಸುಟ್ಟ ಹಾಗೆ ಉರಿಯುವುದು, ಬಟ್ಟೆ ತಾಗಿದರೂ ತಡೆಯಲಾಗದಿರುವುದು, ಚರ್ಮ ಕೆಂಪಾಗಿ ಅಥವಾ ನೀಲಿಯಾಗಿ ಹೊಳೆಯುವುದು, ಆ ಕೈ ಮಾತ್ರ ಬೆವರುವುದು. ಇದು ನರಗಳು ನೋವನ್ನು ಹಿಡಿದುಕೊಂಡುಬಿಡುವ ತೊಂದರೆ ಇರಬಹುದು, ಬೇಗ ಹಿಡಿದರೆ ಗುಣ ಮಾಡುವುದು ಸುಲಭ. ಹೆಬ್ಬೆರಳಿನಿಂದ ನಡುಬೆರಳವರೆಗೆ ಜುಮುಜುಮು, ಅದೂ ರಾತ್ರಿ ಎಚ್ಚರ ಮಾಡುವಷ್ಟು ಇದ್ದರೆ ಮಣಿಕಟ್ಟಿನ ನರ ಒತ್ತಿದೆ ಅಂತ. ಮತ್ತೊಂದು, ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ್ದು: ಹೆಬ್ಬೆರಳಿನ ತುದಿ ಒಂದು ದಿನ ಇದ್ದಕ್ಕಿದ್ದಂತೆ ಮೇಲೆ ಏಳದೇ ಹೋಗುವುದು. ಮುರಿದ ಜಾಗಕ್ಕೆ ಉಜ್ಜಿ ಉಜ್ಜಿ ಅದರ ರಜ್ಜು ತುಂಡಾಗಿರಬಹುದು. ಅದಕ್ಕೆ ವ್ಯಾಯಾಮ ಕೆಲಸ ಮಾಡುವುದಿಲ್ಲ, ಸರ್ಜನ್ ನೋಡಬೇಕು.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ನಿಂತ ಎತ್ತರದಿಂದ ಬಿದ್ದದ್ದಕ್ಕೆ ಮೂಳೆ ಮುರಿಯಿತು ಅಂದರೆ ಮೂಳೆ ಸವೆದಿದೆಯಾ ಅಂತ ನೋಡಲೇಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ತೆಳುವಾಗುತ್ತದೆ. ಮೊದಲು ಮಣಿಕಟ್ಟು, ಹತ್ತು ಹದಿನೈದು ವರ್ಷದ ಮೇಲೆ ಬೆನ್ನು ಅಥವಾ ಸೊಂಟ ಅನ್ನುವುದು ನಾವು ಮತ್ತೆ ಮತ್ತೆ ನೋಡುವ ದಾರಿ. ಸೊಂಟ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಡೆಕ್ಸಾ ಅನ್ನುವ ಸ್ಕ್ಯಾನ್ ಇದೆ, ನೋವಿಲ್ಲ, ಮಲಗಿದರೆ ಕೆಲವೇ ನಿಮಿಷದ ಕೆಲಸ. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮೂಳೆ ಸವೆತ ಎಂದು ಲೆಕ್ಕ, ಅದಕ್ಕೆ ಔಷಧ ಉಂಟು. ವಿಟಮಿನ್ ಡಿ ಕೂಡ ನೋಡಿಸಿ. ಈ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೀನು ತಿನ್ನುವ ಮನೆಯಾದರೆ ಮುಳ್ಳು ಸಮೇತ ತಿನ್ನುವ ಸಣ್ಣ ಕೊಲ್ಲತರು, ಬೂತಾಯಿ ಒಳ್ಳೆಯದು. ಅಲ್ಲವಾದರೆ ರಾಗಿ, ಮೊಸರು, ಎಳ್ಳು. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವುದು. ಇವು ಮುಂದಿನ ಮಳೆಗಾಲಕ್ಕೆ.

ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕಿಸಿ. ಬಾಗಿಲಿನಿಂದ ಮಲ್ಲಿಗೆ ಗಿಡದವರೆಗೆ ಹಿಂದಿನವರು ಹಾಕುತ್ತಿದ್ದ ಹಾಗೆ ಅಡಿಕೆ ದಬ್ಬೆಯನ್ನೋ ತೆಂಗಿನ ಮಡಲನ್ನೋ ಹಾಸಿ. ಅಡಿ ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಬೆಳಕು ಹರಿಯುವ ಮೊದಲು ಕೊಯ್ಯಲು ಹೋಗುವುದಾದರೆ ಹೊರಗೊಂದು ದೀಪ ಹಾಕಿಸಿ.

ಈ ಭಾನುವಾರ ಅಮ್ಮನ ಕೈಯ ಮೂರು ಫೋಟೋ ತೆಗೆಯಿರಿ: ಮುಷ್ಟಿ ಹಿಡಿದದ್ದು, ನಮಸ್ಕಾರ ಮಾಡಿದ್ದು, ಮೊಣಕೈ ಪಕ್ಕೆಗಿಟ್ಟು ಅಂಗೈ ಮೇಲೆ ಮಾಡಿದ್ದು. ಬೆರಳ ತುದಿಗೂ ಅಂಗೈಗೂ ನಡುವೆ ನಿಮ್ಮ ಎಷ್ಟು ಬೆರಳು ಹೋಗುತ್ತದೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರತಿ ಭಾನುವಾರ ಹೀಗೇ ಮಾಡಿ. ನಾಲ್ಕು ಭಾನುವಾರ ಕಳೆದರೂ ಆ ಲೆಕ್ಕ ಒಂದು ಬೆರಳಷ್ಟೂ ಇಳಿಯದಿದ್ದರೆ ಫೋಟೋ ಮತ್ತು ಎರಡು ಎಕ್ಸ್‌ರೇ, ಬಿದ್ದ ದಿನದ್ದು ಮತ್ತು ಪ್ಲಾಸ್ಟರ್ ಬಿಚ್ಚಿದ ದಿನದ್ದು, ಹಿಡಿದುಕೊಂಡು ಹತ್ತಿರದ ಫಿಸಿಯೋಥೆರಪಿಸ್ಟರ ಬಳಿ ಹೋಗಿ.